ಹೊಸ ತಂತಿಯ ಮೊದಲ ದಿನವನ್ನು ನಂಬಬೇಡಿ: ಬೇಸ್ ಗಿಟಾರ್ ತಂತಿಗಳನ್ನು ಹೋಲಿಸಿ ಆರಿಸುವ ಬಗೆ

ಬೇಸ್ ಗಿಟಾರ್ ಕೈಗೆತ್ತಿಕೊಂಡ ಎರಡನೇ ವರ್ಷ ನಾನು ಮೊದಲ ಸಲ ತಂತಿ ಬದಲಿಸಿದೆ. ಗಿಟಾರ್ ಜೊತೆಗೇ ಬಂದಿದ್ದ ಹಳೇ ಸೆಟ್ ಬಿಚ್ಚಿ ಬೇರೆ ಕಂಪನಿಯದು ಹಾಕಿದೆ. ಮೊದಲ ಸ್ವರ ಮೀಟಿದಾಗಲೇ ಮೈ ಜುಮ್ಮೆಂದಿತು. ಪಿಯಾನೋದ ಎಡಗೈ ಸ್ವರಗಳ ಹಾಗೆ ಒಂದೊಂದೂ ಬಿಡಿಬಿಡಿಯಾಗಿ, ಹೊಳೆಯುತ್ತಾ ಕೇಳಿಸಿತು. ಇನ್ನು ಮುಂದೆ ಇದೇ ನನ್ನ ತಂತಿ ಎಂದು ಅವತ್ತೇ ತೀರ್ಮಾನ ಮಾಡಿಬಿಟ್ಟೆ. ಆರು ವಾರ ಕಳೆಯುವಷ್ಟರಲ್ಲಿ ಅದೇ ಗಿಟಾರ್ ಮತ್ತೆ ಹಳೇ ಸೆಟ್ಟಿನ ಥರಾನೇ ಮಂಕಾಗಿತ್ತು. ಅವತ್ತು ನಾನು ಮೆಚ್ಚಿದ್ದು ಆ ಕಂಪನಿಯ ಕೆಲಸವನ್ನಲ್ಲ, ಬರೀ ಹೊಸತನವನ್ನು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ತಂತಿಯೂ ಹಾಗೇ. ಮೊದಲ ದಿನ ಹೆಚ್ಚುಕಮ್ಮಿ ಎಲ್ಲ ಸೆಟ್ಟೂ ಚೆನ್ನಾಗಿಯೇ ಕೇಳುತ್ತದೆ. ಆದರೆ ನಾವು ಅದರ ಜೊತೆ ಜಾಸ್ತಿ ಕಾಲ ಕಳೆಯುವುದು ಅದರ ನಡುವಯಸ್ಸಿನಲ್ಲಿ. ಹೋಲಿಸಬೇಕಾದದ್ದೂ ಆ ವಯಸ್ಸನ್ನೇ. ಅದಕ್ಕೆ ಸ್ವಲ್ಪ ತಾಳ್ಮೆ ಬೇಕು, ಒಂದು ನೋಟ್‌ಬುಕ್ ಬೇಕು, ರೆಕಾರ್ಡ್ ಮಾಡಲು ಏನಾದರೊಂದು ಸಾಧನ ಬೇಕು.

ಈಗ ನಿಮ್ಮ ಗಿಟಾರ್‌ನಲ್ಲಿ ಏನಿದೆ, ಮೊದಲು ಗುರುತಿಸಿ

ಹೋಲಿಕೆಗೆ ಒಂದು ಆಧಾರ ಬೇಕು. ಅದು ಈಗ ನಿಮ್ಮ ಬೇಸ್ ಮೇಲಿರುವ ತಂತಿಯೇ.

ಮೊದಲು ಸ್ಕೇಲ್ ಉದ್ದ, ಅಂದರೆ ತಂತಿಯ ಕಂಪಿಸುವ ಭಾಗದ ಉದ್ದ, ಅಳೆಯಿರಿ. ನಟ್‌ನಿಂದ (ನೆಕ್, ಅಂದರೆ ಗಿಟಾರ್‌ನ ಉದ್ದನೆಯ ಕೈ, ಅದರ ತುದಿಯಲ್ಲಿ ತಂತಿ ಕೂರುವ ಪಟ್ಟಿ) 12ನೇ ಫ್ರೆಟ್‌ವರೆಗೆ (ಫ್ರೆಟ್ ಅಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಟೇಪ್ ಹಿಡಿದು, ಬಂದ ಅಳತೆಯನ್ನು ಎರಡರಿಂದ ಗುಣಿಸಿ. ನಟ್‌ನಿಂದ ನೇರ ಬ್ರಿಡ್ಜ್‌ವರೆಗೆ (ಬಾಡಿಯ ಮೇಲೆ ತಂತಿಯ ಇನ್ನೊಂದು ತುದಿ ಕೂರುವ ಭಾಗ) ಅಳೆಯಬೇಡಿ, ಏಕೆಂದರೆ ಬ್ರಿಡ್ಜ್‌ನಲ್ಲಿ ತಂತಿಯನ್ನು ಹೊರುವ ಒಂದೊಂದು ಸ್ಯಾಡಲ್ ಒಂದೊಂದು ಜಾಗದಲ್ಲಿ ಕೂತಿರುತ್ತದೆ. ಹೆಚ್ಚಿನ ಬೇಸ್‌ಗಳು 34 ಇಂಚಿನವು. 30 ಇಂಚಿನದಾದರೆ ಶಾರ್ಟ್ ಸ್ಕೇಲ್, 32 ಆದರೆ ಮೀಡಿಯಂ. ತಂತಿ ಕೊಳ್ಳುವಾಗ ಪ್ಯಾಕೆಟ್ ಮೇಲೆ ಈ ಮಾತು ಇರಲೇಬೇಕು.

ಆಮೇಲೆ ತಂತಿಯ ಮೇಲೆ ಉಗುರಿನಿಂದ ಉದ್ದಕ್ಕೂ ಗೀರಿ. ಜಿಪ್ ಎಳೆದ ಹಾಗೆ ಸದ್ದು ಬಂದರೆ ಅದು ರೌಂಡ್‌ವೌಂಡ್. ಗಾಜಿನ ಮೇಲೆ ಜಾರಿದ ಹಾಗೆ ಸದ್ದಿಲ್ಲದೆ ಹೋದರೆ ಫ್ಲಾಟ್‌ವೌಂಡ್. ಎರಡರ ನಡುವೆ ಸಣ್ಣಗೆ ಸರಸರ ಅಂದರೆ ಹಾಫ್‌ರೌಂಡ್. ಮೇಲೆ ಪ್ಲಾಸ್ಟಿಕ್ ಪಟ್ಟಿ ಸುತ್ತಿದ ಹಾಗೆ, ಸಾಮಾನ್ಯವಾಗಿ ಕಪ್ಪು ಬಣ್ಣದಲ್ಲಿ ಕಂಡರೆ ಅದು ನೈಲಾನ್ ಟೇಪ್‌ವೌಂಡ್.

ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆಯಬಹುದು. ಬೇಸ್ ಬಾರಿಸುವವರು 45, 65, 85, 105 ಎಂದು ಹೇಳುವುದು ಇಂಚಿನ ಸಾವಿರದ ಭಾಗಗಳ ಲೆಕ್ಕ. 105 ಅಂದರೆ 0.105 ಇಂಚು, ಸುಮಾರು 2.67 ಮಿಲಿಮೀಟರ್. 45 ಅಂದರೆ ಸುಮಾರು 1.14 ಮಿಲಿಮೀಟರ್.

ಇದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದಿಡಿ. ತಂತಿ ಹಾಕಿ ಎಷ್ಟು ದಿನವಾಯಿತು ಅನ್ನುವುದನ್ನೂ ನೆನಪಿದ್ದಷ್ಟು ಬರೆಯಿರಿ.

ತಂತಿಯ ಒಳಗೆ ಏನಿದೆ

ಬೇಸ್ ತಂತಿ ಅಂದರೆ ಒಂದೇ ತಂತಿ ಅಲ್ಲ. ನಡುವೆ ಗಟ್ಟಿ ಉಕ್ಕಿನ ಒಳತಂತಿ. ಅದರ ಸುತ್ತ ಬಿಗಿಯಾಗಿ ಸುತ್ತಿದ ಇನ್ನೊಂದು ತಂತಿ, ದಪ್ಪ ತಂತಿಗಳಲ್ಲಿ ಒಂದರ ಮೇಲೊಂದು ಎರಡು ಮೂರು ಸುತ್ತು. ಎಳೆತವನ್ನು ಹೊರುವುದು ಒಳತಂತಿ, ತೂಕ ಕೊಡುವುದು ಸುತ್ತುತಂತಿ. ಬೆರಳಿಗೆ ಸಿಗುವುದು ಹೊರಗಿನ ಸುತ್ತು. ಅದರ ಆಕಾರ ಮತ್ತು ಲೋಹ ಎರಡೇ ದನಿಯ ಮುಕ್ಕಾಲು ಪಾಲನ್ನು ತೀರ್ಮಾನ ಮಾಡುತ್ತವೆ ಎಂಬುದು ನನ್ನ ಅನುಭವ. ಪ್ಯಾಕೆಟ್ ಮೇಲಿನ ಹೆಸರು ಆಮೇಲಿನ ಮಾತು.

ಮೊದಲು ಆಕಾರ. ರೌಂಡ್‌ವೌಂಡ್‌ನಲ್ಲಿ ಹೊರಸುತ್ತು ಗುಂಡಗಿನ ತಂತಿ. ಸುತ್ತಿಗೂ ಸುತ್ತಿಗೂ ನಡುವೆ ಸಣ್ಣ ಕಣಿವೆ ಉಳಿಯುತ್ತದೆ. ತಂತಿ ಸಲೀಸಾಗಿ ಬಾಗುತ್ತದೆ, ಮೂಲ ಸ್ವರದ ಮೇಲೆ ಏಳುವ ಸಣ್ಣ ಸಣ್ಣ ಸ್ವರಗಳು, ಅಂದರೆ ಓವರ್‌ಟೋನ್‌ಗಳು, ಚೆನ್ನಾಗಿ ಕೇಳುತ್ತವೆ. ದನಿ ಚೂಪು, ಹೆಚ್ಚು ಹೊತ್ತು ನಿಲ್ಲುತ್ತದೆ. ಸ್ಲ್ಯಾಪ್, ಅಂದರೆ ಹೆಬ್ಬೆರಳಿನಿಂದ ತಂತಿಗೆ ಹೊಡೆಯುವವರಿಗೆ, ಪಿಕ್ (ಮೀಟುವ ಸಣ್ಣ ಬಿಲ್ಲೆ) ಹಿಡಿದು ರಾಕ್ ನುಡಿಸುವವರಿಗೆ ಇದೇ ಸರಿ. ಬೆರಳು ಜಾರಿಸಿದಾಗ ಕಿರ್ ಅನ್ನುವ ಸದ್ದು ಮಾತ್ರ ಜೊತೆಗೇ ಬರುತ್ತದೆ.

ಫ್ಲಾಟ್‌ವೌಂಡ್‌ನಲ್ಲಿ ಹೊರಸುತ್ತು ಚಪ್ಪಟೆ ಪಟ್ಟಿ. ಮೇಲ್ಮೈ ನುಣುಪು. ಮೀಟಿದ ತಕ್ಷಣ ‘ಧಂ’ ಎಂದು ಗುಂಡಗೆ ಬಂದು ಬೇಗ ಇಳಿಯುತ್ತದೆ. ಮೇಲಿನ ಚೂಪು ಕಮ್ಮಿ, ಕೆಳಗಿನ ತುಂಬುತನ ಜಾಸ್ತಿ. ಒಂಟಿಯಾಗಿ ಕೇಳಿದವರು ಇದನ್ನು ಮಂಕು ಅನ್ನುತ್ತಾರೆ. ಡ್ರಮ್ಸ್ ಜೊತೆ ಕೇಳಿ ನೋಡಿ. ಕಿಕ್ ಡ್ರಮ್ ಮೇಲೆ ಕೂತು ಹಾಡನ್ನು ಕೆಳಗಿನಿಂದ ಎತ್ತಿ ಹಿಡಿಯುತ್ತದೆ. ನನಗೆ ಇದು ಅರ್ಥವಾಗಲು ವರ್ಷಗಳೇ ಬೇಕಾದವು.

ಹಾಫ್‌ರೌಂಡ್ ಅಂದರೆ ಗುಂಡು ತಂತಿ ಸುತ್ತಿ, ಹೊರಮೈಯನ್ನು ಉಜ್ಜಿ ಅರೆ ಚಪ್ಪಟೆ ಮಾಡಿದ್ದು. ದನಿಯೂ ಅನುಭವವೂ ನಡುವಿನದು. ಟೇಪ್‌ವೌಂಡ್ ಮೇಲಿನ ನೈಲಾನ್ ಬೆರಳಿಗೆ ಮೆತ್ತಗೆ, ದನಿ ನಿಲ್ಲಿಸಿ ನುಡಿಸುವ ದೊಡ್ಡ ಡಬಲ್ ಬೇಸ್ ಕಡೆಗೆ ವಾಲುತ್ತದೆ. ಮೇಲೆ ನೈಲಾನ್ ಇದ್ದರೂ ಒಳಗೆ ಉಕ್ಕು ಇರುವುದರಿಂದ ಮ್ಯಾಗ್ನೆಟಿಕ್ ಪಿಕಪ್‌ಗೆ, ಅಂದರೆ ತಂತಿಯ ಅಲುಗಾಟವನ್ನು ಅಯಸ್ಕಾಂತದಿಂದ ಹಿಡಿಯುವ ಭಾಗಕ್ಕೆ, ಸಿಗುತ್ತದೆ. ಹೊರಗಾತ್ರ ದಪ್ಪ ಇರುವುದರಿಂದ ನಟ್‌ನ ಕಚ್ಚಿನಲ್ಲಿ ಕೂರುತ್ತದೋ ಇಲ್ಲವೋ ನೋಡಿಕೊಳ್ಳಬೇಕು.

ಇನ್ನು ಲೋಹ. ಸ್ಟೇನ್‌ಲೆಸ್ ಸ್ಟೀಲ್ ಎಲ್ಲಕ್ಕಿಂತ ಚೂಪು, ಬೆರಳಿಗೆ ಒರಟು, ಫ್ರೆಟ್ ಸವೆಯುವುದೂ ಜಾಸ್ತಿ. ನಿಕಲ್ ಲೇಪಿಸಿದ ಉಕ್ಕು ಎಲ್ಲರಿಗೂ ಒಗ್ಗುವ ಮಧ್ಯದ ದಾರಿ. ಹೆಚ್ಚಿನ ಹೊಸ ಗಿಟಾರ್‌ಗಳ ಮೇಲೆ ಬರುವುದು ಇದೇ. ಶುದ್ಧ ನಿಕಲ್ ಮೃದು, ಬೆಚ್ಚಗಿನ ದನಿ, ಪಿಕಪ್‌ಗೆ ಸಿಗುವ ಸದ್ದು ತುಸು ಕಮ್ಮಿ. ಅಕೌಸ್ಟಿಕ್ ಬೇಸ್‌ಗೆ ಬರುವ ಕಂಚಿನ ಸುತ್ತಿನ ತಂತಿಯನ್ನು ಎಲೆಕ್ಟ್ರಿಕ್ ಬೇಸ್‌ಗೆ ಹಾಕಬೇಡಿ. ಕಂಚಿಗೆ ಅಯಸ್ಕಾಂತದ ಗುಣ ಇಲ್ಲ, ಪಿಕಪ್‌ಗೆ ಒಳತಂತಿ ಮಾತ್ರ ಕೇಳಿಸುತ್ತದೆ.

ಇತಿಹಾಸವನ್ನೂ ಸ್ವಲ್ಪ ನೋಡಿ, ಅದರಿಂದ ಕಿವಿ ತೆರೆಯುತ್ತದೆ. ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್ ಬಂದದ್ದು 1951ರಲ್ಲಿ. ಮೊದಲ ಹದಿನೈದು ವರ್ಷ ಬೇಸ್ ಅಂದರೆ ಬಹುಪಾಲು ಫ್ಲಾಟ್‌ವೌಂಡ್ ದನಿಯೇ. 1966ರಲ್ಲಿ ‘ದಿ ಹೂ’ ರಾಕ್ ತಂಡದ ಬೇಸ್ ವಾದಕ ಜಾನ್ ಎಂಟ್ವಿಸಲ್ ಇಂಗ್ಲೆಂಡಿನ ರೋಟೋಸೌಂಡ್ ಕಂಪನಿಯ ಜೊತೆ ಕೂತು, ಪಿಯಾನೋದಂತೆ ಝಣಗುಡುವ ರೌಂಡ್‌ವೌಂಡ್ ತಂತಿ ಮಾಡಿಸಿದರು. ಸ್ವಿಂಗ್ ಬೇಸ್ 66 ಎಂಬ ಹೆಸರಲ್ಲಿ ಅದು ಇವತ್ತಿಗೂ ಸಿಗುತ್ತದೆ. ಇನ್ನೊಂದು ಕಡೆ ಅಮೆರಿಕದ ಮೋಟೌನ್ ಸ್ಟುಡಿಯೋದ ಬೇಸ್ ವಾದಕ ಜೇಮ್ಸ್ ಜೇಮರ್ಸನ್. ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್‌ವೌಂಡ್, ಬ್ರಿಡ್ಜ್ ಕೆಳಗೆ ಒಂದು ತುಂಡು ಫೋಮ್, ಮೀಟಲು ಒಂದೇ ತೋರುಬೆರಳು. ತಂತಿ ಕಡಿದರೆ ಮಾತ್ರ ಬದಲಿಸುವವರು ಎಂದು ಅವರು ಹೆಸರಾಗಿದ್ದರು. ಫ್ಲಾಟ್ ಅಂದರೆ ಮೆತ್ತಗಿನ ಹಳೇ ಹಾಡಿಗೆ ಮಾತ್ರ ಅಂದುಕೊಳ್ಳಬೇಡಿ. ಐರನ್ ಮೇಡನ್ ತಂಡದ ಸ್ಟೀವ್ ಹ್ಯಾರಿಸ್ ಅಷ್ಟು ಜೋರಿನ ಮೆಟಲ್ ಸಂಗೀತವನ್ನು 50ರಿಂದ 110ರ ದಪ್ಪ ಫ್ಲಾಟ್‌ವೌಂಡ್‌ನಲ್ಲೇ ನುಡಿಸುತ್ತಾರೆ. ಬೆರಳಿನ ಹೊಡೆತಕ್ಕೆ ತಂತಿಯಷ್ಟೇ ಪಾಲಿದೆ.

ದಪ್ಪ ಮತ್ತು ಬಿಗಿತ: ಒಂದನ್ನು ಬದಲಿಸಿ, ಇನ್ನೊಂದನ್ನು ಹಾಗೇ ಇಡಿ

ಹೋಲಿಸುವವರು ಮಾಡುವ ದೊಡ್ಡ ತಪ್ಪು ಅಂದರೆ ಎರಡು ಮೂರು ಸಂಗತಿಗಳನ್ನು ಒಟ್ಟಿಗೇ ಬದಲಿಸುವುದು. 45–105ರ ನಿಕಲ್ ರೌಂಡ್ ತೆಗೆದು 40–100ರ ಸ್ಟೀಲ್ ರೌಂಡ್ ಹಾಕಿದರೆ, ಆಮೇಲೆ ಕೇಳಿದ ವ್ಯತ್ಯಾಸ ಲೋಹದ್ದೋ ದಪ್ಪದ್ದೋ ಹೇಳುವುದು ಹೇಗೆ? ಒಂದು ಸಲಕ್ಕೆ ಒಂದೇ ಬದಲಾವಣೆ.

ದಪ್ಪ ಹೆಚ್ಚಿದಷ್ಟೂ ಅದೇ ಶ್ರುತಿಗೆ ಜಾಸ್ತಿ ಎಳೆತ ಬೇಕು. 45–105ರ ನಾಲ್ಕು ತಂತಿಯ ಸೆಟ್ 34 ಇಂಚಿನ ಬೇಸ್ ಮೇಲೆ ಒಟ್ಟು ಸುಮಾರು 80 ಕಿಲೋ ತೂಕದಷ್ಟು ಬಲದಲ್ಲಿ ನೆಕ್ ಅನ್ನು ಎಳೆಯುತ್ತಿರುತ್ತದೆ. ಎಳೆತ ಸ್ಕೇಲ್ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಅದೇ ತಂತಿ, ಅದೇ ಶ್ರುತಿ, ಆದರೆ 30 ಇಂಚಿನ ಬೇಸ್ ಅಂದರೆ ಎಳೆತ ಸುಮಾರು ನೂರಕ್ಕೆ 22ರಷ್ಟು ಕಮ್ಮಿ. ಶಾರ್ಟ್ ಸ್ಕೇಲ್ ಬೇಸ್‌ಗಳಲ್ಲಿ ಇ ತಂತಿ (ದಪ್ಪದಿಂದ ತೆಳ್ಳಗೆ ಇ, ಎ, ಡಿ, ಜಿ ಎಂಬ ನಾಲ್ಕರಲ್ಲಿ ಮೊದಲನೆಯದು) ಸಡಿಲ ಅನ್ನಿಸುವುದು ಇದಕ್ಕೇ. ಇ ತಂತಿಯನ್ನು ಡಿ ಶ್ರುತಿಗೆ ಇಳಿಸಿದರೂ ಹೆಚ್ಚುಕಮ್ಮಿ ನೂರಕ್ಕೆ 20ರಷ್ಟು ಎಳೆತ ಹೋಗುತ್ತದೆ. ಯಾವಾಗಲೂ ಇಳಿಸಿಯೇ ನುಡಿಸುವವರಾದರೆ ಒಂದು ಮೆಟ್ಟಿಲು ದಪ್ಪ ಸೆಟ್ ಹಾಕಿ.

ಒಂದೇ ದಪ್ಪದ ಎರಡು ತಂತಿಗಳೂ ಬೆರಳಿಗೆ ಬೇರೆ ಬೇರೆ ಅನ್ನಿಸಬಹುದು. ಒಳತಂತಿ ಗುಂಡಗಿದ್ದರೆ ಸಾಮಾನ್ಯವಾಗಿ ಸಲೀಸಾಗಿ ಬಾಗುತ್ತದೆ, ಆರು ಮೂಲೆಯದಾದರೆ ತುಸು ಬಿರುಸು. ಫ್ಲಾಟ್‌ಗಳು ಒಟ್ಟಾರೆ ರೌಂಡ್‌ಗಿಂತ ಬಿರುಸು. ರೌಂಡ್‌ನಲ್ಲಿ 45–105 ಒಗ್ಗಿದವರು ಫ್ಲಾಟ್‌ಗೆ ಹೋಗುವಾಗ ಒಂದು ಹಂತ ತೆಳ್ಳಗಿನದನ್ನು ನೋಡುವುದು ಒಳ್ಳೆಯದು.

ಹಾಕುವುದರಲ್ಲೇ ಅರ್ಧ ದನಿ

ಕೆಟ್ಟದಾಗಿ ಹಾಕಿದ ಒಳ್ಳೇ ತಂತಿ, ಚೆನ್ನಾಗಿ ಹಾಕಿದ ಸಾಧಾರಣ ತಂತಿಗಿಂತ ಕಡೆ.

ನನಗೆ ಇದನ್ನು ಕಲಿಸಿದ್ದು ಒಂದು ಇ ತಂತಿ. ಹೊಸ ಸೆಟ್ ಹಾಕಿದ್ದೆ, ಮೂರು ತಂತಿ ಗಂಟೆಯ ಹಾಗೆ ಮೊಳಗುತ್ತಿದ್ದವು, ಇ ಮಾತ್ರ ರಟ್ಟಿನ ಡಬ್ಬಿ ತಟ್ಟಿದ ಹಾಗೆ. ತಂತಿಯೇ ಕೆಟ್ಟದ್ದು ಬಂದಿದೆ ಅಂದುಕೊಂಡು ಬಿಚ್ಚಿ ಬೆಳಕಿಗೆ ಹಿಡಿದೆ. ಕತ್ತರಿಸಿದ ತುದಿಯಲ್ಲಿ ಹೊರಸುತ್ತು ಕೂದಲೆಳೆಯಷ್ಟು ಬಿಚ್ಚಿಕೊಂಡಿತ್ತು. ಬೆರಳಿಂದ ತಿರುಗಿಸಿದರೆ ಒಳತಂತಿಯ ಮೇಲೆ ಸುತ್ತು ಸಡಿಲವಾಗಿ ಓಡಾಡುತ್ತಿತ್ತು. ತಪ್ಪು ನನ್ನದೇ. ಬಾಗಿಸದೆ ನೇರ ಕತ್ತರಿಸಿದ್ದೆ. ಅವತ್ತಿನಿಂದ ಈ ಕ್ರಮ ಬಿಟ್ಟಿಲ್ಲ:

1. ನಾಲ್ಕೂ ತಂತಿ ಒಟ್ಟಿಗೆ ಬಿಚ್ಚಬೇಡಿ, ಒಂದೊಂದಾಗಿ ಬದಲಿಸಿ. ನೆಕ್ ಮೇಲಿನ ಎಳೆತ ಒಮ್ಮೆಲೇ ಹೋಗುವುದಿಲ್ಲ, ಸೆಟಪ್ (ನೆಕ್‌ನ ಬಾಗು, ತಂತಿಯ ಎತ್ತರದ ಹೊಂದಾಣಿಕೆ) ಕಡಿಮೆ ಕದಲುತ್ತದೆ. ಫ್ರೆಟ್‌ಬೋರ್ಡ್ ಒರೆಸಬೇಕು ಅಂತಿದ್ದರೆ ಎಲ್ಲ ತೆಗೆದರೂ ಗಿಟಾರ್ ಮುರಿಯುವುದಿಲ್ಲ, ಆಮೇಲೆ ನೆಕ್ ಮತ್ತೆ ನೋಡಿಕೊಳ್ಳಿ ಅಷ್ಟೇ.

2. ತಂತಿಯನ್ನು ಬ್ರಿಡ್ಜ್‌ನಿಂದ ಎಳೆದು ತಂದು, ಅದು ಸುತ್ತಬೇಕಾದ ಬಿರಡೆಯ ಗೂಟ ದಾಟಿ 10ರಿಂದ 12 ಸೆಂಟಿಮೀಟರ್ ಬಿಡಿ. ಎರಡು ಮೂರು ಸುತ್ತಿಗೆ ಅದು ಸಾಕು.

3. ಕತ್ತರಿಸುವ ಜಾಗಕ್ಕಿಂತ ಸ್ವಲ್ಪ ಹಿಂದೆ ಇಕ್ಕಳದಿಂದ ಲಂಬವಾಗಿ ಬಾಗಿಸಿ. ಬಾಗಿಸಿದ ಮೇಲೆ, ಬಾಗಿದ ಜಾಗದಿಂದ ಆಚೆಗೆ ಕತ್ತರಿಸಿ. ಗುಂಡು ಒಳತಂತಿಯ ಸೆಟ್ ಆದರೆ ಇದನ್ನು ಮರೆಯಲೇಬಾರದು.

4. ತುದಿಯನ್ನು ಗೂಟದ ತೂತಿಗಿಳಿಸಿ, ಸುತ್ತುಗಳು ಮೇಲಿನಿಂದ ಕೆಳಕ್ಕೆ ಬರುವಂತೆ ಬಿಗಿಮಾಡಿ. ಆಗ ತಂತಿ ನಟ್ ಮೇಲೆ ಗಟ್ಟಿಯಾಗಿ ಒತ್ತುತ್ತದೆ. ಈ ಹೊತ್ತಿನಲ್ಲಿ ತಂತಿ ತಿರುಚಿಕೊಳ್ಳಲು ಬಿಡಬೇಡಿ. ತಿರುಚಿದ ತಂತಿ ಹೊಸದಾದರೂ ಸತ್ತ ಹಾಗೆ ಕೇಳುತ್ತದೆ.

5. ಶ್ರುತಿಗೆ ತಂದ ಮೇಲೆ ನಟ್‌ನ ಮುಂದೆ ಒಂದು ಸಲ, ಸ್ಯಾಡಲ್ ಮುಂದೆ ಒಂದು ಸಲ ಹೆಬ್ಬೆರಳಿನಿಂದ ತಂತಿಯನ್ನು ಮೆಲ್ಲಗೆ ಕೆಳಕ್ಕೆ ಒತ್ತಿ. ದಪ್ಪ ತಂತಿ ಅಲ್ಲಿ ಕಮಾನಿನಂತೆ ಎದ್ದು ನಿಂತಿರುತ್ತದೆ. ಒತ್ತಿದಾಗ ನೇರವಾಗುತ್ತದೆ, ಸ್ವರ ಸ್ಪಷ್ಟವಾಗುತ್ತದೆ, ಶ್ರುತಿ ಸ್ವಲ್ಪ ಇಳಿಯುತ್ತದೆ. ಮತ್ತೆ ಏರಿಸಿ.

ಬಾಡಿಯ ಹಿಂಬದಿಯಿಂದ ತಂತಿ ಹಾಯಿಸುವ ಬೇಸ್‌ಗಳಿಗೆ ಹೆಚ್ಚು ಉದ್ದದ ಸೆಟ್ ಬೇಕು. ಫ್ಲಾಟ್‌ಗಳು ಅಲ್ಲಿನ ಚೂಪು ತಿರುವಿನಲ್ಲಿ ಹಾಳಾಗಬಹುದು. ಬ್ರಿಡ್ಜ್‌ನಿಂದಲೇ ಹಾಯಿಸಲು ಅವಕಾಶ ಇದ್ದರೆ ಹಾಗೇ ಮಾಡಿ.

ಸೆಟಪ್ ಮಾಡದೆ ಹೋಲಿಸಬೇಡಿ

ತಂತಿಯ ಎಳೆತ ಬದಲಾದರೆ ನೆಕ್‌ನ ಬಾಗು ಬದಲಾಗುತ್ತದೆ, ಅದರ ಜೊತೆ ಫ್ರೆಟ್‌ನಿಂದ ತಂತಿಯ ಎತ್ತರವೂ. ಆಮೇಲೆ ಈ ತಂತಿ ಗರಗರ ಅನ್ನುತ್ತದೆ ಎಂದು ತಂತಿಯನ್ನು ದೂರುವುದು ನ್ಯಾಯವಲ್ಲ.

ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ನೆಕ್ ಬಾಡಿಗೆ ಸೇರುವ ಜಾಗದಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. 7 ಅಥವಾ 8ನೇ ಫ್ರೆಟ್ ಮೇಲೆ ತಂತಿಯ ಕೆಳಗೆ ಸುಮಾರು 0.3 ಮಿಲಿಮೀಟರ್ ಸಂದು ಕಂಡರೆ ಸಾಕು. ಸಂದು ಜಾಸ್ತಿ ಇದ್ದರೆ ಟ್ರಸ್ ರಾಡ್ (ನೆಕ್‌ನ ಬಾಗು ಹೊಂದಿಸುವ ಒಳಗಿನ ಕಂಬಿ) ಸ್ವಲ್ಪ ಬಿಗಿಮಾಡಿ, ಏನೂ ಇಲ್ಲದಿದ್ದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಗಟ್ಟಿಯಾಗಿ ಸಿಕ್ಕಿಕೊಂಡಿದ್ದರೆ ಬಲ ಹಾಕಬೇಡಿ, ತಿಳಿದವರಿಗೆ ಕೊಡಿ.

ಆಮೇಲೆ ಇಂಟೊನೇಷನ್, ಅಂದರೆ ಫ್ರೆಟ್ ಒತ್ತಿದಾಗಲೂ ಸ್ವರ ಶ್ರುತಿಯಲ್ಲಿರುವುದು. 12ನೇ ಫ್ರೆಟ್ ಮೇಲೆ ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿ, ಹಾರ್ಮೋನಿಕ್ ತೆಗೆದು ಟ್ಯೂನರ್ ನೋಡಿ, ಅಲ್ಲೇ ಒತ್ತಿ ಮೀಟಿ ಮತ್ತೆ ನೋಡಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ನೆಕ್ ಕಡೆಗೆ. ಕೊನೆಗೆ ಪಿಕಪ್‌ನಿಂದ ತಂತಿಗಿರುವ ದೂರವನ್ನು ಅಳೆದು, ಎಲ್ಲ ಸೆಟ್‌ಗಳಿಗೂ ಅಷ್ಟೇ ಇಡಿ.

ರೆಕಾರ್ಡ್ ಮಾಡಿ, ನೆನಪನ್ನು ನಂಬಬೇಡಿ

ಕಿವಿಯ ನೆನಪು ಬಹಳ ಗಿಡ್ಡ. ಮೂರು ವಾರದ ಹಿಂದೆ ತಂತಿ ಹೇಗೆ ಕೇಳುತ್ತಿತ್ತು ಅನ್ನುವುದು ನಮ್ಮಲ್ಲಿ ಯಾರಿಗೂ ನೆನಪಿರುವುದಿಲ್ಲ. ನೆನಪಿದೆ ಅನ್ನಿಸುತ್ತದೆ, ಅಷ್ಟೇ.

ಬೇಸ್ ಅನ್ನು ನೇರ ಆಡಿಯೋ ಇಂಟರ್‌ಫೇಸ್‌ಗೆ (ಸದ್ದನ್ನು ಕಂಪ್ಯೂಟರ್‌ಗೆ ಕಳಿಸುವ ಸಾಧನ) ಹಾಕಿ. ಗಿಟಾರ್‌ನ ವಾಲ್ಯೂಮ್, ಟೋನ್ ಪೂರ್ತಿ ತೆರೆದಿರಲಿ, ಇಕ್ಯೂ, ಕಂಪ್ರೆಸರ್ ಥರ ದನಿ ತಿದ್ದುವ ಯಾವುದೂ ಬೇಡ. ಪ್ರತಿ ಸಲವೂ ಇದೇ ಪಾಠ ನುಡಿಸಿ: ನಾಲ್ಕು ತೆರೆದ ತಂತಿಗಳನ್ನು ಒಂದೊಂದಾಗಿ ಮೀಟಿ ಪೂರ್ತಿ ಆರುವವರೆಗೆ ಬಿಡಿ. ಇ ತಂತಿಯ ಮೇಲೆ 7ನೇ ಫ್ರೆಟ್, ಜಿ ತಂತಿಯ ಮೇಲೆ 12ನೇ ಫ್ರೆಟ್. ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಒಂದು ಸ್ವರಶ್ರೇಣಿ. ನಿಮಗೆ ಕೈಗೂಡಿದ ಎಂಟು ಬಾರ್‌ನ (ತಾಳದ ಎಂಟು ಆವರ್ತನದ) ಒಂದು ಲೈನ್, ತಾಳ ತೋರಿಸುವ ಮೆಟ್ರೊನೋಮ್ ಜೊತೆ, ಮೊದಲು ಬೆರಳಲ್ಲಿ, ಆಮೇಲೆ ಪಿಕ್‌ನಲ್ಲಿ. ಅದೇ ಲೈನ್ ಒಂದು ಡ್ರಮ್ ಟ್ರ್ಯಾಕ್ ಮೇಲೆ. ಒಟ್ಟು ಮೂರು ನಾಲ್ಕು ನಿಮಿಷದ ಕೆಲಸ.

ಹೊಸ ತಂತಿ ಹಾಕಿದ ದಿನ ಒಂದು ಸಲ, ಹತ್ತು ಗಂಟೆ ನುಡಿಸಿದ ಮೇಲೆ ಒಂದು ಸಲ, ಮೂವತ್ತು ಗಂಟೆಯ ಮೇಲೆ ಒಂದು ಸಲ ರೆಕಾರ್ಡ್ ಮಾಡಿ. ದಿನದ ಲೆಕ್ಕ ಬೇಡ, ನುಡಿಸಿದ ಗಂಟೆಯ ಲೆಕ್ಕ ಇಡಿ. ಸೆಟ್ ಹಾಕಿದ ಮೇಲೆ ಗಿಟಾರ್ ಮೂಲೆಯಲ್ಲಿ ನಿಂತಿದ್ದರೆ ತಿಂಗಳು ಕಳೆದರೂ ಅದಕ್ಕೆ ವಯಸ್ಸು ಅಷ್ಟಾಗಿ ಆಗಿರುವುದಿಲ್ಲ. ಫೈಲ್‌ಗೆ ತಂತಿಯ ಹೆಸರು, ದಪ್ಪ, ಗಂಟೆ ಮೂರನ್ನೂ ಬರೆದು ಉಳಿಸಿ.

ಕೇಳುವಾಗ ಎರಡು ಎಚ್ಚರ. ಒಂದು, ಎಲ್ಲ ಕ್ಲಿಪ್‌ಗಳ ಸದ್ದಿನ ಮಟ್ಟ ಒಂದೇ ಮಾಡಿಕೊಳ್ಳಿ. ಸ್ವಲ್ಪ ಜೋರಾಗಿರುವುದು ಯಾವಾಗಲೂ ಹೆಚ್ಚು ಚೆನ್ನ ಅನ್ನಿಸುತ್ತದೆ. ಎರಡು, ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ತೆರೆದ ಇ ತಂತಿಯ ಮೂಲ ಸ್ವರ 41.2 ಹರ್ಟ್ಸ್, ಅದು ಫೋನಿನಿಂದ ಹೊರಗೇ ಬರುವುದಿಲ್ಲ. ಬರುವುದು ಓವರ್‌ಟೋನ್ ಮಾತ್ರ. ರೌಂಡ್‌ವೌಂಡ್ ಗೆದ್ದೇ ಗೆಲ್ಲುತ್ತದೆ, ಫ್ಲಾಟ್‌ವೌಂಡ್ ಪಾಪ ಕಾಣೆಯಾಗುತ್ತದೆ. ಒಳ್ಳೇ ಹೆಡ್‌ಫೋನ್ ಹಾಕಿಕೊಳ್ಳಿ. ಗೆಳೆಯರೊಬ್ಬರಿಗೆ ಹೇಳಿ ಫೈಲ್‌ಗಳ ಹೆಸರು ಮುಚ್ಚಿ ಕೇಳಿಸಿಕೊಂಡರೆ ಇನ್ನೂ ಒಳ್ಳೆಯದು. ಯಾವುದು ಯಾವ ಕಂಪನಿ ಅಂತ ಗೊತ್ತಿಲ್ಲದಿದ್ದಾಗ ಕಿವಿ ಪ್ರಾಮಾಣಿಕವಾಗಿರುತ್ತದೆ.

ಮೊದಲ ದಿನದ ಕ್ಲಿಪ್ ಬದಿಗಿಟ್ಟು ಮೂವತ್ತು ಗಂಟೆಯ ಕ್ಲಿಪ್‌ಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿ. ನಾನು ಆರಿಸುವುದು ಇದರಿಂದಲೇ. ಮೊದಲ ದಿನ ಕಣ್ಣು ಕೋರೈಸಿದ ಸೆಟ್ ಇಲ್ಲಿ ಹಿಂದೆ ಬೀಳುವುದನ್ನು, ಮೊದಲ ದಿನ ಸುಮ್ನೆ ಇದ್ದ ಸೆಟ್ ಇಲ್ಲಿ ಸರಿಯಾಗಿ ಕೂರುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಬೆರಳಿನ ಮಾತು

ದನಿ ರೆಕಾರ್ಡ್ ಆಗುತ್ತದೆ, ಬೆರಳಿನ ಅನುಭವ ಆಗುವುದಿಲ್ಲ. ಅದನ್ನು ಬರೆದೇ ಇಡಬೇಕು. ಎಡಗೈ ಮತ್ತು ಬಲಗೈಗಳನ್ನು ಬೇರೆ ಬೇರೆ ಕೇಳಿ. ಎಡಗೈಗೆ ಮುಖ್ಯ ಜಾರುವಿಕೆ ಮತ್ತು ಒತ್ತಲು ಬೇಕಾದ ಬಲ. ಬಲಗೈಗೆ ಮುಖ್ಯ ತಂತಿ ಎಷ್ಟು ಬಿಟ್ಟುಕೊಡುತ್ತದೆ, ಮೀಟಿದ ಮೇಲೆ ಎಷ್ಟು ಬೇಗ ಮತ್ತೆ ಬೆರಳಿಗೆ ಸಿಗುತ್ತದೆ ಅನ್ನುವುದು.

ಇಪ್ಪತ್ತು ನಿಮಿಷ ನಿಲ್ಲಿಸದೆ ನುಡಿಸಿ, ಆಮೇಲೆ ಬರೆಯಿರಿ. ಮೊದಲ ಎರಡು ನಿಮಿಷದಲ್ಲಿ ಎಲ್ಲವೂ ಹಗುರ ಅನ್ನಿಸುತ್ತದೆ. ಹೊಸ ಸ್ಟೇನ್‌ಲೆಸ್ ರೌಂಡ್ ಹಾಕಿದ ದಿನ ಬೆರಳ ತುದಿಯನ್ನು ಬೆಳಕಿನಲ್ಲಿ ನೋಡಿದರೆ ಸಣ್ಣ ಸಣ್ಣ ಅಡ್ಡಗೆರೆ ಮೂಡಿರುತ್ತವೆ, ಅರದಿಂದ ಉಜ್ಜಿದ ಹಾಗೆ. ಕೆಲವರಿಗೆ ಆ ಹಿಡಿತವೇ ಇಷ್ಟ. ಫ್ಲಾಟ್‌ಗಳಲ್ಲಿ ಇದಕ್ಕೆ ತಿರುಗಾ ಮುರುಗಾ: ಹೊಸದರಲ್ಲಿ ತುಸು ಅಂಟಿದ ಹಾಗಿದ್ದು, ಕೆಲವು ವಾರ ನುಡಿಸಿದ ಮೇಲೆ ರೇಷ್ಮೆಯ ಹಾಗಾಗುತ್ತವೆ.

ನಾಲ್ಕು ತಂತಿಯ ನಡುವಿನ ಸಮತೋಲನವನ್ನೂ ನೋಡಿ. ಒಂದು ಬಿಗಿ, ಪಕ್ಕದ್ದು ಸಡಿಲ ಇದ್ದರೆ ಬಲಗೈ ಪ್ರತಿ ತಂತಿಗೂ ಬೇರೆ ಬಲ ಹಾಕಬೇಕಾಗುತ್ತದೆ, ಬೇಗ ದಣಿಯುತ್ತದೆ. ಎ ತಂತಿ 80 ಇರುವ ಸೆಟ್‌ಗೂ 85 ಇರುವ ಸೆಟ್‌ಗೂ ಇಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ತಂತಿ ಸಾಯುವುದು ಹೇಗೆ

ಹಳೇ ರೌಂಡ್‌ವೌಂಡ್ ತಂತಿಯೊಂದನ್ನು ಬಿಚ್ಚಿ ತಿರುಗಿಸಿ ಹಿಡಿಯಿರಿ, ಫ್ರೆಟ್ ಕಡೆಗಿದ್ದ ಮೈ ನಿಮ್ಮ ಕಡೆ ಬರಲಿ. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಮೊದಲು ಕಾಣುವುದು ಸುತ್ತುಗಳ ನಡುವಿನ ಕಣಿವೆಯಲ್ಲಿ ತುಂಬಿದ ಕಪ್ಪು ಕಿಟ್ಟ. ಬೆವರಿನ ಉಪ್ಪು, ಚರ್ಮದ ಜಿಡ್ಡು, ಉದುರಿದ ಚರ್ಮದ ಪುಡಿ, ಲೋಹದ ಧೂಳು. ಆಮೇಲೆ ಒಂದೆರಡು ಅಂಗುಲಕ್ಕೊಂದರಂತೆ ಸಣ್ಣ ಚಪ್ಪಟೆ ಗುರುತು. ಅವು ಫ್ರೆಟ್ ಬಡಿದ ಗಾಯಗಳು. ನೀವು ಜಾಸ್ತಿ ಬಳಸುವ ಫ್ರೆಟ್‌ಗಳ ಕೆಳಗೆ ಆಳ ಜಾಸ್ತಿ.

ಈ ಕಿಟ್ಟ ತಂತಿಗೆ ತೂಕ ಸೇರಿಸುತ್ತದೆ, ಅದೂ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ಸುತ್ತುಗಳು ಒಂದಕ್ಕೊಂದು ಅಂಟಿ ಅಲುಗಾಟ ತಿಂದುಹಾಕುತ್ತವೆ. ಮೊದಲು ಹೋಗುವುದು ಮೇಲಿನ ಓವರ್‌ಟೋನ್‌ಗಳು, ಮೂಲ ಸ್ವರ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಅದಕ್ಕೇ ಹಳೇ ತಂತಿಯ ಸದ್ದು ಕಮ್ಮಿ ಆಗದಿದ್ದರೂ ದನಿಯಲ್ಲಿ ಜೀವ ಇರುವುದಿಲ್ಲ. ಕೊನೆಗೆ ಶ್ರುತಿಯೂ ಕೆಡುತ್ತದೆ. ಮೊದಲು ಸರಿಯಿದ್ದ ಇಂಟೊನೇಷನ್ ಈಗ ಎಷ್ಟು ಸರಿಮಾಡಿದರೂ ಕೂರದಿದ್ದರೆ ತಂತಿಯ ಕಾಲ ಮುಗಿಯಿತು ಎಂದೇ ಲೆಕ್ಕ.

ಫ್ಲಾಟ್‌ಗಳಲ್ಲಿ ಕಿಟ್ಟ ಕೂರಲು ಕಣಿವೆಯೇ ಇಲ್ಲ. ಶುರುವಿನ ಸ್ವಲ್ಪ ಚೂಪು ಇಳಿದ ಮೇಲೆ ವರ್ಷಗಟ್ಟಲೆ ಹಾಗೇ ಇರುತ್ತವೆ. ದಿನವೂ ನುಡಿಸಿದರೆ ನನ್ನ ಕೈಯಲ್ಲಿ ನಿಕಲ್ ರೌಂಡ್ ಹೊಳಪು ಉಳಿಸಿಕೊಳ್ಳುವುದು ಐದಾರು ವಾರ. ಫ್ಲಾಟ್ ಸೆಟ್ ಒಂದು ನಾಲ್ಕನೇ ವರ್ಷದಲ್ಲಿದೆ, ಈಗಿನ ದನಿಯೇ ಅದರ ಅತ್ಯುತ್ತಮ ದನಿ. ನಿಮ್ಮ ಬೆವರು ಬೇರೆ, ನಿಮ್ಮ ಲೆಕ್ಕ ಬೇರೆ ಬರಬಹುದು. ಬೆವರಿನಲ್ಲಿ ಉಪ್ಪು, ಆಮ್ಲ ಜಾಸ್ತಿ ಇರುವವರ ಕೈಯಲ್ಲಿ ಅದೇ ಸೆಟ್ ಅರ್ಧ ಕಾಲಕ್ಕೇ ಮುಗಿಯುತ್ತದೆ.

ಆಯಸ್ಸು ಹೆಚ್ಚಿಸಲು ಕೆಲಸ ಮಾಡುವುದು ಎರಡೇ ಅಭ್ಯಾಸ. ನುಡಿಸುವ ಮೊದಲು ಕೈ ತೊಳೆಯಿರಿ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಪ್ರತಿ ತಂತಿಯನ್ನೂ ಮೇಲೆ, ಕೆಳಗೆ, ಸುತ್ತಲೂ ಒರೆಸಿ. ಒಂದು ನಿಮಿಷ ಸಾಕು.

ಸತ್ತ ರೌಂಡ್‌ವೌಂಡ್‌ಗೆ ಮತ್ತೆ ಜೀವ ಕೊಡಲು ಹಿಂದಿನಿಂದಲೂ ತಂತಿ ಕುದಿಸುವ ರೂಢಿ ಇದೆ. ಹತ್ತು ನಿಮಿಷ ಕುದಿಸಿದರೆ ಕಿಟ್ಟ ಬಿಡುತ್ತದೆ, ದನಿ ತೆರೆದುಕೊಳ್ಳುತ್ತದೆ. ಆದರೆ ತೇವ ಉಳಿದರೆ ಒಳತಂತಿಗೆ ತುಕ್ಕು. ಮತ್ತೆ ಮತ್ತೆ ಬಿಚ್ಚಿ ಬಿಗಿಮಾಡಿದರೆ ಬಾಗಿದ ಜಾಗದಲ್ಲಿ ಕಡಿಯಲೂಬಹುದು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒಂದು ರಾತ್ರಿ ನೆನೆಹಾಕುವುದು ಇದಕ್ಕಿಂತ ಒಳ್ಳೆಯದು, ಬೇಗ ಒಣಗುತ್ತದೆ. ಬೆಂಕಿಯಿಂದ ದೂರ, ಗಾಳಿಯಾಡುವ ಜಾಗದಲ್ಲಿ ಮಾಡಿ. ಗಿಟಾರ್‌ನ ಪಾಲಿಶ್ ಮೇಲೆ ಒಂದು ಹನಿಯೂ ಬೀಳದಿರಲಿ. ಎರಡೂ ಉಪಾಯ ಕಿಟ್ಟ ತೆಗೆಯುತ್ತವೆ, ಫ್ರೆಟ್ ಮಾಡಿದ ಗಾಯವನ್ನು ವಾಸಿಮಾಡುವುದಿಲ್ಲ. ಟೇಪ್‌ವೌಂಡ್‌ಗೆ, ಕೋಟೆಡ್ ತಂತಿಗೆ ಎರಡೂ ಬೇಡ.

ಕೋಟೆಡ್ ತಂತಿ ಅಂದರೆ ಕಣಿವೆಗೆ ಕೊಳೆ ಇಳಿಯದ ಹಾಗೆ ತೆಳು ಪ್ಲಾಸ್ಟಿಕ್ ಪೊರೆ ಹಾಕಿದ್ದು. ಮೊದಲ ದಿನ ಬರಿಯ ತಂತಿಗಿಂತ ಒಂದು ಕೂದಲಿನಷ್ಟು ಮೆತ್ತಗೆ ಕೇಳಬಹುದು, ಜಾರುವ ಸದ್ದು ಕಮ್ಮಿ. ಮೂವತ್ತು ಗಂಟೆಯ ಪರೀಕ್ಷೆಯಲ್ಲಿ ಮಾತ್ರ ಇವು ಸಾಮಾನ್ಯವಾಗಿ ಮುಂದೆ ಇರುತ್ತವೆ. ಬೆವರುವ ಕೈಯವರು ಒಂದು ಸಲ ನೋಡಲೇಬೇಕು. ಪಿಕ್ ಜೋರಾಗಿ ಹೊಡೆಯುವವರ ಕೈಯಲ್ಲಿ ಪೊರೆ ಎಳೆಎಳೆಯಾಗಿ ಏಳುವುದುಂಟು.

ಎಲ್ಲಿಂದ ಶುರು ಮಾಡುವುದು

ಏನೂ ಗೊತ್ತಿಲ್ಲ ಅನ್ನುವವರು 45–105ರ ನಿಕಲ್ ಲೇಪಿತ ರೌಂಡ್‌ವೌಂಡ್‌ನಿಂದ ಶುರುಮಾಡಿ. ಅದೇ ಅಳತೆಗೋಲು. ಅದನ್ನು ಮೂವತ್ತು ಗಂಟೆ ನುಡಿಸಿ, ನಿಮಗೆ ಏನು ಕಮ್ಮಿ ಅನ್ನಿಸಿತು ಅಂತ ಕೇಳಿಕೊಳ್ಳಿ. ಚೂಪು ಸಾಲದಿದ್ದರೆ ಅದೇ ದಪ್ಪದ ಸ್ಟೇನ್‌ಲೆಸ್. ಚೂಪು ಜಾಸ್ತಿಯಾಯಿತು ಅಂದರೆ ಶುದ್ಧ ನಿಕಲ್. ಇನ್ನೂ ಜಾಸ್ತಿ ಅನ್ನಿಸಿದರೆ ಫ್ಲಾಟ್. ಬೆರಳಿಗೆ ಭಾರ ಅಂದರೆ ಲೋಹ ಹಾಗೇ ಇಟ್ಟು 40–100.

ಫ್ರೆಟ್ ಇಲ್ಲದ ಬೇಸ್ ಇದ್ದರೆ ವಿಷಯ ಬೇರೆ. ರೌಂಡ್‌ವೌಂಡ್ ಬರಿಯ ಮರದ ಮೇಲೆ ಗೀರು ಮಾಡುತ್ತದೆ. ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ರೌಂಡ್‌ವೌಂಡ್ ಹಾಕಿಯೇ ಆ ಹಾಡುವ ದನಿ ತೆಗೆದರು ನಿಜ, ಆದರೆ ಅವರ ಫಿಂಗರ್‌ಬೋರ್ಡ್ ಮೇಲೆ ಗಟ್ಟಿ ಎಪಾಕ್ಸಿ ಲೇಪ ಇತ್ತು. ಹಾಗೆ ಲೇಪ ಇಲ್ಲದಿದ್ದರೆ ಫ್ಲಾಟ್ ಅಥವಾ ಟೇಪ್‌ವೌಂಡ್ ಹಾಕಿ.

ಎರಡು ಬೇಸ್ ಇರುವವರಿಗೆ ನನ್ನ ಸಲಹೆ: ಒಂದರ ಮೇಲೆ ಫ್ಲಾಟ್ ಹಾಕಿ ಬಿಟ್ಟುಬಿಡಿ, ಹೋಲಿಕೆಯನ್ನೆಲ್ಲ ಇನ್ನೊಂದರ ಮೇಲೆ ಮಾಡಿ. ಒಂದೇ ಬೇಸ್ ಇದ್ದರೆ, ಬಿಚ್ಚಿದ ಸೆಟ್ ಎಸೆಯಬೇಡಿ. ಒರೆಸಿ, ದೊಡ್ಡ ಸುರುಳಿಯಾಗಿ ಸುತ್ತಿ, ಒಂದು ಕವರ್‌ಗೆ ಹಾಕಿ, ಮೇಲೆ ಹೆಸರು, ದಪ್ಪ, ಎಷ್ಟು ಗಂಟೆ ನುಡಿಸಿದ್ದು ಬರೆದಿಡಿ. ಕಾರ್ಯಕ್ರಮದ ಹಿಂದಿನ ರಾತ್ರಿ ಎ ತಂತಿ ಕಡಿದರೆ, ಅಷ್ಟೇ ವಯಸ್ಸಿನ ಎ ತಂತಿ ಆ ಕವರ್‌ನಲ್ಲಿ ಸಿಗುತ್ತದೆ. ಮಿಕ್ಕ ಮೂರರ ಜೊತೆ ದನಿ ಹೊಂದುತ್ತದೆ. ಹೊಚ್ಚ ಹೊಸ ತಂತಿ ಒಂದೇ ಹಾಕಿದ್ದರೆ ಅದು ಗುಂಪಿನಲ್ಲಿ ಒಂಟಿಯಾಗಿ ಝಣಗುಡುತ್ತಿತ್ತು.